ಸಿ. ಎಸ್. ಲೂಯಿಸ್‌ನ ಕೃತಿಗಳಲ್ಲಿ ವಿಚಾರ ಮತ್ತು ಕಲ್ಪನೆ

ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಸಾಹಿತ್ಯದಲ್ಲಿ ಸಿ. ಎಸ್. ಲೂಯಿಸ್ (1898–1963) ಮೂರು ನೆಲೆಗಳಲ್ಲಿ ಪರಿಚಿತನಾಗಿದ್ದಾನೆ: ಮಧ್ಯಯುಗೀನ ಸಾಹಿತ್ಯದ ವಿದ್ವಾಂಸನಾಗಿ, ಕ್ರೈಸ್ತಧರ್ಮದ ಸಮರ್ಥಕನಾಗಿ ಮತ್ತು ‘ನಾರ್ನಿಯಾ’ ಕಥೆಗಳ ಕರ್ತೃವಾಗಿ. ಧರ್ಮಸಮರ್ಥನೆಯ ಗ್ರಂಥಗಳಲ್ಲಿ ಅವನು ತರ್ಕವನ್ನೂ ಕಥೆಗಳಲ್ಲಿ ಕಲ್ಪನೆಯನ್ನೂ ಬಳಸಿದನೆಂದು ಹೇಳಿ, ಎರಡನ್ನೂ ಬೇರೆ ಬೇರೆಯಾಗಿ ಪರಿಶೀಲಿಸುವುದು ವಾಡಿಕೆ. ಈ ವಿಭಜನೆ ಸಮರ್ಪಕವಲ್ಲ. ಅವನ ಚಿಂತನೆಯಲ್ಲಿ ಕಲ್ಪನೆಯು ವಿಚಾರದ ಅಲಂಕಾರವಲ್ಲ, ಅದರ ಪೂರ್ವಸ್ಥಿತಿ ಎಂಬುದನ್ನೂ, ಈ ತತ್ತ್ವವು ಅವನ ಪ್ರಬಂಧಗಳಿಗಿಂತ ಕೊನೆಯ ಕಾದಂಬರಿಯಲ್ಲಿ ಹೆಚ್ಚು ಆಳವಾಗಿ ಪರೀಕ್ಷೆಗೊಳಗಾಗಿದೆ ಎಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸತ್ಯಾಸತ್ಯಗಳನ್ನು ತರ್ಕದಿಂದ ನಿರ್ಣಯಿಸುವ ಶಕ್ತಿಯನ್ನು ಇಲ್ಲಿ ‘ವಿಚಾರ’ ಎಂದೂ ಬಿಂಬಗಳ ಮೂಲಕ ಗ್ರಹಿಸುವ ಶಕ್ತಿಯನ್ನು ‘ಕಲ್ಪನೆ’ ಎಂದೂ ಕರೆಯಲಾಗಿದೆ.

1

ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಲೂಯಿಸ್ 1914ರಿಂದ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಗುರುವಿನ ಬಳಿ ಓದಿದನು. ನಾಸ್ತಿಕನೂ ಕಟ್ಟುನಿಟ್ಟಾದ ತಾರ್ಕಿಕನೂ ಆಗಿದ್ದ ಈ ಗುರು ಆಧಾರವಿಲ್ಲದ ಸಣ್ಣ ಮಾತನ್ನೂ ಒಪ್ಪುತ್ತಿರಲಿಲ್ಲ. ಅದೇ ಅವಧಿಯಲ್ಲಿ, 1916ರಲ್ಲಿ, ಲೂಯಿಸ್ ಜಾರ್ಜ್ ಮ್ಯಾಕ್‌ಡೊನಾಲ್ಡ್‌ನ ‘ಫ್ಯಾಂಟಾಸ್ಟಿಸ್’ ಎಂಬ ಅದ್ಭುತಕಥೆಯನ್ನು ಓದಿದನು. ಅದು ತನ್ನ ಕಲ್ಪನೆಗೆ ದೀಕ್ಷೆ ನೀಡಿತೆಂಬ ಅರ್ಥದಲ್ಲಿ 1955ರ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಮನಸ್ಸು ಒಲಿದ ಲೋಕಕ್ಕೂ ಬುದ್ಧಿ ಒಪ್ಪಿದ ಲೋಕಕ್ಕೂ ನಡುವೆ ಸೇತುವೆಯಿಲ್ಲದ ಈ ಸ್ಥಿತಿಯೇ ಅವನ ಮುಂದಿನ ಚಿಂತನೆಯ ಮೂಲ.

1920ರ ದಶಕದಲ್ಲಿ ಗೆಳೆಯ ಓವೆನ್ ಬಾರ್ಫೀಲ್ಡ್‌ನೊಡನೆ ನಡೆದ ದೀರ್ಘ ವಾಗ್ವಾದದ ಕೇಂದ್ರವೂ ಇದೇ ಪ್ರಶ್ನೆ. ಕಲ್ಪನೆಯೇ ಸತ್ಯಜ್ಞಾನವನ್ನು ನೀಡಬಲ್ಲದೆಂಬುದು ಬಾರ್ಫೀಲ್ಡ್‌ನ ವಾದ. ಅದನ್ನು ಲೂಯಿಸ್ ಒಪ್ಪಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಆವರಣದಲ್ಲಿ ಜೆ. ಆರ್. ಆರ್. ಟೋಲ್ಕಿನ್ ಮತ್ತು ಹ್ಯೂಗೋ ಡೈಸನ್ ಅವರೊಡನೆ ಒಂದು ರಾತ್ರಿ ನಡೆಸಿದ ಚರ್ಚೆ ಮತ್ತೊಂದು ತಿರುವು. ದೇವರ ಅಸ್ತಿತ್ವವನ್ನು ಆ ವೇಳೆಗಾಗಲೇ ಒಪ್ಪಿದ್ದ ಲೂಯಿಸ್‌ಗೆ, ಕ್ರಿಸ್ತನ ಕಥೆಯನ್ನು ಚರಿತ್ರೆಯಲ್ಲಿ ನಡೆದ ಪುರಾಣವಾಗಿ ಕಾಣುವ ದೃಷ್ಟಿ ಅಲ್ಲಿ ದೊರೆಯಿತು.

2

ಈ ಹಿನ್ನೆಲೆಯ ತಾತ್ತ್ವಿಕ ಫಲವನ್ನು 1939ರಲ್ಲಿ ‘ರೀಹ್ಯಾಬಿಲಿಟೇಶನ್ಸ್’ ಸಂಕಲನದಲ್ಲಿ ಪ್ರಕಟವಾದ ‘ಬ್ಲಸ್ಪೆಲ್ಸ್ ಅಂಡ್ ಫ್ಲಾಲನ್ಸ್‌ಫಿಯರ್ಸ್’ ಎಂಬ ಪ್ರಬಂಧದಲ್ಲಿ ಕಾಣಬಹುದು. ಲೂಯಿಸ್ ಇಲ್ಲಿ ರೂಪಕಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಗುರು ತನಗೆ ಬೇರೆ ದಾರಿಯಿಂದಲೂ ತಿಳಿದಿರುವ ವಿಷಯವನ್ನು ವಿವರಿಸಲು ರೂಪಕವನ್ನು ಬಳಸುತ್ತಾನೆ. ಅವನಿಗೆ ಅದು ಅನಿವಾರ್ಯವಲ್ಲ. ಶಿಷ್ಯನಿಗಾದರೋ ಆ ವಿಷಯವನ್ನು ತಲುಪಲು ರೂಪಕವೊಂದೇ ದಾರಿ. ಮೇರೆಯಿಲ್ಲದಿದ್ದರೂ ಪರಿಮಿತವಾದ ಆಕಾಶವನ್ನು ಅರಿಯಲು, ಗೋಳದ ಮೇಲೆ ಬದುಕುವ ಚಪ್ಪಟೆ ಜೀವಿಗಳ ದೃಷ್ಟಾಂತವನ್ನು ಆಶ್ರಯಿಸುವ ಗಣಿತವರಿಯದ ಓದುಗನು ಇಂತಹ ಶಿಷ್ಯನು. ಆ ದೃಷ್ಟಾಂತವನ್ನು ಮರೆತು ಪದವನ್ನಷ್ಟೇ ಉಳಿಸಿಕೊಂಡರೆ, ಅವನ ಮಾತು ಅಕ್ಷರಶಃ ಸತ್ಯವಾಗುವುದಿಲ್ಲ, ಅರ್ಥಶೂನ್ಯವಾಗುತ್ತದೆ.

ಇದರಿಂದ ಲೂಯಿಸ್ ತೆಗೆಯುವ ನಿರ್ಣಯ ಮಹತ್ವದ್ದು. ವಿಚಾರವು ಸತ್ಯದ ಅಂಗ, ಕಲ್ಪನೆಯು ಅರ್ಥದ ಅಂಗ. ಒಂದು ಮಾತು ಸತ್ಯವೋ ಸುಳ್ಳೋ ಎಂದು ಕೇಳುವ ಮೊದಲು ಅದಕ್ಕೆ ಅರ್ಥವಿರಬೇಕು. ಹೊಸ ರೂಪಕಗಳನ್ನು ಹುಟ್ಟಿಸಿ ಹಳೆಯವನ್ನು ಜೀವಂತಗೊಳಿಸುವ ಕಲ್ಪನೆಯಿಂದ ಆ ಅರ್ಥ ಬರುತ್ತದೆ. ಆದುದರಿಂದ ಕಲ್ಪನೆ ಸತ್ಯದ ಕಾರಣವಲ್ಲ, ಸತ್ಯಕ್ಕೆ ಬೇಕಾದ ನಿಬಂಧನೆ.

ಕನ್ನಡದ ಓದುಗರಿಗೆ ಇದು ಅಪರಿಚಿತ ಕ್ಷೇತ್ರವಲ್ಲ. ‘ತಿಳಿ’ ಎಂಬ ಧಾತುವಿನಲ್ಲಿ ನೀರು ನಿರ್ಮಲವಾಗುವ ಬಿಂಬವೂ, ‘ಗ್ರಹಿಕೆ’ಯಲ್ಲಿ ಕೈಯಿಂದ ಹಿಡಿಯುವ ಬಿಂಬವೂ ಅಡಗಿವೆ. ಆಲಂಕಾರಿಕರು ಇಂತಹ ರೂಢಿಗತ ಪ್ರಯೋಗಗಳನ್ನು ನಿರೂಢಲಕ್ಷಣೆಯೆಂದು ಗುರುತಿಸಿದರು. ಲೂಯಿಸ್ ಕೇಳುವ ಪ್ರಶ್ನೆ ಮಾತ್ರ ಬೇರೆ: ಆ ಬಿಂಬವನ್ನು ಮರೆತವನು ನಿಜವಾಗಿ ಏನನ್ನು ಯೋಚಿಸುತ್ತಿದ್ದಾನೆ?

3

1947ರಲ್ಲಿ ಲೂಯಿಸ್ ‘ಮಿರಾಕಲ್ಸ್’ ಗ್ರಂಥವನ್ನು ಪ್ರಕಟಿಸಿ, ಪ್ರಕೃತಿವಾದವು ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆಂದು ವಾದಿಸಿದನು. 1948ರ ಫೆಬ್ರವರಿ 2ರಂದು ಆಕ್ಸ್‌ಫರ್ಡಿನ ಸಾಕ್ರಟಿಕ್ ಕ್ಲಬ್ಬಿನಲ್ಲಿ ತತ್ತ್ವಜ್ಞಾನಿ ಎಲಿಜಬೆತ್ ಆನ್ಸ್‌ಕೂಂಬ್ ಆ ವಾದದ ದೋಷಗಳನ್ನು ಎತ್ತಿ ತೋರಿಸಿದಳು. ಈ ಸೋಲಿನಿಂದ ಲೂಯಿಸ್ ತರ್ಕವನ್ನು ತೊರೆದು ಮಕ್ಕಳ ಕಥೆಗಳಲ್ಲಿ ಆಶ್ರಯ ಪಡೆದನೆಂಬ ಅಭಿಪ್ರಾಯ ಪ್ರಚಲಿತವಾಗಿದೆ, ಎ. ಎನ್. ವಿಲ್ಸನ್‌ನ ಜೀವನಚರಿತ್ರೆ (1990) ಇದಕ್ಕೆ ಬಲ ನೀಡಿತು.

ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಮೂರು ಗ್ರಹಲೋಕದ ಕಾದಂಬರಿಗಳು 1938ರಿಂದ 1945ರ ನಡುವೆಯೇ ಬಂದಿದ್ದವು. 1933ರ ‘ದಿ ಪಿಲ್‌ಗ್ರಿಮ್ಸ್ ರಿಗ್ರೆಸ್’ ಎಂಬ ಅನ್ಯೋಕ್ತಿಕಥನದಲ್ಲಿ ವಿಚಾರವೇ ಕವಚ ತೊಟ್ಟ ಸ್ತ್ರೀಯಾಗಿ ಬರುತ್ತದೆ. ಇನ್ನೊಂದೆಡೆ, ಲೂಯಿಸ್ ವಾದವನ್ನು ಕೈಬಿಡಲೂ ಇಲ್ಲ. ಟೀಕೆಗೆ ಒಳಗಾದ ಮೂರನೆಯ ಅಧ್ಯಾಯವನ್ನು ತಿದ್ದಿ ಬರೆದು 1960ರಲ್ಲಿ ಪ್ರಕಟಿಸಿದನು. ಈ ಪರಿಷ್ಕರಣವನ್ನು ಆನ್ಸ್‌ಕೂಂಬ್ ಅವನ ಪ್ರಾಮಾಣಿಕತೆಯ ಸಾಕ್ಷಿಯೆಂದು ಗೌರವಿಸಿದಳು. ವಿಚಾರದಿಂದ ಕಲ್ಪನೆಗೆ ಪಲಾಯನ ಎಂಬ ಕಥನವು ಅವೆರಡನ್ನೂ ಪ್ರತಿಸ್ಪರ್ಧಿಗಳೆಂದು ಮೊದಲೇ ಭಾವಿಸಿಕೊಂಡಿರುತ್ತದೆ. 1939ರ ಪ್ರಬಂಧ ನಿರಾಕರಿಸಿದ್ದು ಈ ಭಾವನೆಯನ್ನೇ.

4

1956ರ ‘ಟಿಲ್ ವಿ ಹ್ಯಾವ್ ಫೇಸಸ್’ ಕಾದಂಬರಿಯು ಅಪುಲೇಯಸ್ ಹೇಳಿದ ಕ್ಯೂಪಿಡ್ ಮತ್ತು ಸೈಕಿಯರ ಕಥೆಯ ಪುನರ್ನಿರೂಪಣೆ. ಗ್ಲೋಮ್ ರಾಜ್ಯದ ಕುರೂಪಿ ರಾಣಿ ಓರುವಲ್ ದೇವತೆಗಳ ವಿರುದ್ಧ ಬರೆಯುವ ದೂರಿನ ರೂಪದಲ್ಲಿ ಅದು ಸಾಗುತ್ತದೆ. ಅವಳನ್ನು ರೂಪಿಸಿದ ಶಕ್ತಿಗಳು ಎರಡು: ‘ನರಿ’ ಎಂದು ಕರೆಯಲ್ಪಡುವ ಗ್ರೀಕ್ ಗುಲಾಮ ಗುರುವಿನ ವಿಚಾರಶೀಲತೆ ಮತ್ತು ಉಂಗಿಟ್ ದೇವತೆಯ ರಕ್ತಬಲಿಯ ಆರಾಧನೆ. ಮೂಲಕಥೆಯಲ್ಲಿ ಸೈಕಿಯ ಅಕ್ಕಂದಿರು ದೇವರ ಅರಮನೆಯನ್ನು ಕಾಣುತ್ತಾರೆ. ಇಲ್ಲಿ ಅಕ್ಕನ ಕಣ್ಣಿಗೆ ಅದು ಕಾಣುವುದಿಲ್ಲ. ಲೂಯಿಸ್ ಮಾಡಿದ ಈ ಒಂದು ಬದಲಾವಣೆಯಲ್ಲಿ ಕಾದಂಬರಿಯ ಸಮಸ್ಯೆಯೆಲ್ಲ ಅಡಗಿದೆ. ಮಂಜಿನಲ್ಲಿ ಕ್ಷಣಕಾಲ ಅರಮನೆ ಕಂಡಂತಾದಾಗಲೂ ಓರುವಲ್ ಅದನ್ನು ನಂಬಲು ನಿರಾಕರಿಸುತ್ತಾಳೆ.

ನರಿಯ ವಿವೇಕವನ್ನು ಲೂಯಿಸ್ ಅಪಹಾಸ್ಯ ಮಾಡುವುದಿಲ್ಲ. ರಾಜ್ಯವು ನ್ಯಾಯವಾಗಿ ನಡೆಯುವುದೂ ಓರುವಲ್ ವಾದಿಸಲು ಕಲಿಯುವುದೂ ಅದರಿಂದಲೇ. ಆದರೆ ತನ್ನ ಬೋಧನೆ ನೀರಿನಂತೆ ತಿಳಿಯಾಗಿದ್ದರೂ ತೆಳುವಾಗಿತ್ತೆಂದು ಮರಣಾನಂತರದ ದೃಶ್ಯದಲ್ಲಿ ನರಿಯೇ ಒಪ್ಪುತ್ತಾನೆ. ಉಂಗಿಟ್‌ಳ ಪೂಜಾರಿಗೆ ಗಾಢತೆಯಿತ್ತು, ಸ್ಪಷ್ಟತೆಯಿರಲಿಲ್ಲ. ದೇವಸಭೆಯಲ್ಲಿ ದೂರನ್ನು ಓದಿದಾಗ ತಾನು ಜೋಪಾನವಾಗಿ ಕಟ್ಟಿದ ವಾದದ ಕೆಳಗೆ ಬೇರೊಂದು ಮಾತು, ಪ್ರೀತಿಯ ವೇಷದ ಸ್ವಾಮ್ಯದಾಸೆ, ಅಡಗಿದ್ದುದು ಓರುವಲ್‌ಗೆ ಗೋಚರಿಸುತ್ತದೆ.

ಪ್ರಬಂಧದ ಸಿದ್ಧಾಂತವನ್ನು ಕಾದಂಬರಿ ಮೀರುವುದು ಇಲ್ಲಿಯೇ. ಪ್ರಬಂಧದಲ್ಲಿ ಕಲ್ಪನೆ ಅರ್ಥವನ್ನು ಒದಗಿಸುತ್ತದೆ, ವಿಚಾರ ತೀರ್ಪು ನೀಡುತ್ತದೆ. ಕಾದಂಬರಿಯಲ್ಲಿ ತೀರ್ಪುಗಾರನಾದ ವಿಚಾರವೇ ಸ್ವಾರ್ಥದ ವಕೀಲನಾಗಬಹುದೆಂಬ ಅರಿವಿದೆ. ಆ ವಂಚನೆಯನ್ನು ಬಯಲು ಮಾಡುವುದು ತರ್ಕವಲ್ಲ, ಕನಸು ಮತ್ತು ಬಿಂಬಗಳ ಸರಣಿ. ಹೀಗಾದರೆ ಕಲ್ಪನೆಯನ್ನು ಕೇವಲ ಅರ್ಥಕ್ಕೆ ಸೀಮಿತಗೊಳಿಸಲಾಗದು. ಬಾರ್ಫೀಲ್ಡ್‌ನ ನಿಲುವನ್ನು ಪ್ರಬಂಧಕಾರ ಲೂಯಿಸ್ ನಿರಾಕರಿಸಿದ್ದರೂ ಕಾದಂಬರಿಕಾರ ಲೂಯಿಸ್ ಅದರ ಸಮೀಪಕ್ಕೆ ಬಂದಿದ್ದಾನೆ ಎನ್ನಬಹುದು.

ಒಟ್ಟಾರೆ, ಲೂಯಿಸ್‌ನ ಕ್ರೈಸ್ತ ನಿಲುವನ್ನು ಒಪ್ಪದ ಓದುಗನಿಗೂ ಈ ಪ್ರಶ್ನೆ ಪ್ರಸ್ತುತವಾಗಿಯೇ ಉಳಿಯುತ್ತದೆ. ವೈಚಾರಿಕ ಗದ್ಯವನ್ನು ಜ್ಞಾನವೆಂದೂ ಕಥೆ ಕಾವ್ಯಗಳನ್ನು ಅನುಭವವೆಂದೂ ವಿಂಗಡಿಸಿ ಬೋಧಿಸುವ ಕ್ರಮವು ಎಷ್ಟು ಸಮಂಜಸ ಎಂಬುದನ್ನು ಸಾಹಿತ್ಯದ ಅಧ್ಯಾಪಕರು ಮರುಪರಿಶೀಲಿಸಲು ಅವನ ಕೃತಿಗಳು ಸದೃಢ ಆಧಾರ ಒದಗಿಸುತ್ತವೆ.