ಭಟ್ಟಿಗೆ ಹೋಗುವ ಮುನ್ನ

ಸ್ಟೋನ್‌ವೇರ್ ಪಾತ್ರೆ ಮಾಡಲು ಕಲಿಯಬಂದವರು ಮೊದಲು ಕೇಳುವುದು ಭಟ್ಟಿಯ ಬಗ್ಗೆ, ಬಣ್ಣದ ಬಗ್ಗೆ. ಆದರೆ ಬೆಂಕಿಯಲ್ಲಿ ಬಾಯ್ಬಿಡುವ ಬಿರುಕುಗಳಲ್ಲಿ ಬಹಳಷ್ಟು ಅದಕ್ಕೂ ಮೊದಲೇ, ಮಣ್ಣಿನ ನೀರು ಆರುವಾಗಲೇ ಹುಟ್ಟಿರುತ್ತವೆ. ನಾನು ಹೇಳಿಕೊಡುವಾಗ ನೀರಿನ ವಿಷಯಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

1. ಮಣ್ಣು ಎಷ್ಟು ಶಾಖಕ್ಕೆ ತಡೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು ಅಲ್ಲಿನ ನದಿದಡದ ಜೇಡಿಯನ್ನು ನಂಬಿ. ಹಂಚಿಗೆ ಅಂಥ ಮಣ್ಣೇ ಸರಿ. ಆದರೆ ಕೆಂಪಗೆ ಬೇಯುವ ಆ ಮಣ್ಣನ್ನು ಸ್ಟೋನ್‌ವೇರ್ ಬೇಯಿಸುವ 1,250 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ, ಅದರಲ್ಲಿರುವ ಕಬ್ಬಿಣ ಮಣ್ಣನ್ನು ಬೇಗ ಕರಗಿಸಿ ಪಾತ್ರೆ ಉಬ್ಬುತ್ತದೆ, ಕುಸಿಯುತ್ತದೆ. ಸ್ಟೋನ್‌ವೇರಿಗೆ ಚೈನಾ ಕ್ಲೇ, ಜಿಗುಟಿಗಾಗಿ ಬಾಲ್ ಕ್ಲೇ, ಕರಗಿ ಬೆಸೆಯಲು ಫೆಲ್ಡ್‌ಸ್ಪಾರ್, ಬಿಗಿ ಕೊಡಲು ಬೆಣಚುಕಲ್ಲಿನ ಪುಡಿ ಬೇಕು.

2. ತಿಗರಿಯ ಮೇಲೆ ಗೋಡೆ ಎತ್ತುವಾಗ ಮಣ್ಣು ಬೆರಳಿನ ನಡುವೆ ತಾನಾಗಿ ಬಿಗಿಯಾಗುತ್ತದೆ. ತಳಕ್ಕೆ ಆ ಒತ್ತಡ ಸಿಗುವುದಿಲ್ಲ. ನಡುವಿನಿಂದ ಅಂಚಿಗೂ ಅಂಚಿನಿಂದ ನಡುವಿಗೂ ಒತ್ತಿ ಸವರಿ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ. ಇಲ್ಲವಾದರೆ ತಳದಲ್ಲಿ ಹಾವಿನಂತೆ ಬಳುಕಿದ ಬಿರುಕು ಮೂಡುತ್ತದೆ.

3. ಕಪ್ಪಿಗೆ ಹಿಡಿ ಅಂಟಿಸುವಾಗ ಎರಡೂ ಒಂದೇ ಹದದಲ್ಲಿರಲಿ.

4. ಒಣಗಿಸುವುದೇ ಅರ್ಧ ಕೆಲಸ. ಹಸಿಮಣ್ಣಿನಿಂದ ಬೆಂದ ಪಾತ್ರೆಯವರೆಗೆ ಸ್ಟೋನ್‌ವೇರ್ ಶೇ 10ರಿಂದ 13ರಷ್ಟು ಕುಗ್ಗುತ್ತದೆ. ಬೇಕಾದ ಅಳತೆಗಿಂತ ದೊಡ್ಡದಾಗಿ ಮಾಡಬೇಕಾದ್ದು ಅದಕ್ಕೇ. ಅಂಚು ಮೊದಲು ಒಣಗಿ ಕುಗ್ಗಿ, ದಪ್ಪ ತಳ ಹಸಿಯಾಗಿಯೇ ಉಳಿದರೆ ಎರಡರ ಎಳೆದಾಟದಲ್ಲಿ ಪಾತ್ರೆ ಸೀಳುತ್ತದೆ. ಅಂಚನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ; ಗಟ್ಟಿಯಾದೊಡನೆ ಬೋರಲು ಹಾಕಿ. ಫ್ಯಾನಿನ ಕೆಳಗೆ ಇಡಲೇಬೇಡಿ. ಗಾಳಿಗುಳ್ಳೆ ಇದ್ದರೆ ಪಾತ್ರೆ ಸಿಡಿಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಿಜವಾಗಿ ಸಿಡಿಸುವುದು ಒಳಗೆ ಉಳಿದ ತೇವ. ಅದು ಆವಿಯಾಗಿ ಹೊರಬರಲು ದಾರಿ ಸಿಗದೆ ಗೋಡೆಯನ್ನೇ ಒಡೆಯುತ್ತದೆ. ಕೆನ್ನೆಗೆ ತಾಗಿಸಿದಾಗ ಪಾತ್ರೆ ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ.

5. ಮೊದಲ ಸುಡುವಿಕೆಯಲ್ಲಿ 100 ಡಿಗ್ರಿ ದಾಟುವವರೆಗೆ ಆದಷ್ಟು ನಿಧಾನ. 573 ಡಿಗ್ರಿಯ ಆಸುಪಾಸಿನಲ್ಲಿ ಬೆಣಚಿನ ಹರಳು ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಎರಡೂ ಸಲ ತಾಳ್ಮೆ ಬೇಕು. 900ರಿಂದ 1,000 ಡಿಗ್ರಿಗೆ ನಿಲ್ಲಿಸಿದರೆ ಪಾತ್ರೆ ಗಟ್ಟಿಯಾಗಿಯೂ ಗ್ಲೇಜಿನ (ಗಾಜಿನಂಥ ಲೇಪದ) ನೀರು ಹೀರುವಷ್ಟು ಸೂಕ್ಷ್ಮರಂಧ್ರಗಳಿಂದಲೂ ಕೂಡಿರುತ್ತದೆ.

6. ಗ್ಲೇಜಿನಲ್ಲಿ ಅದ್ದುವ ಮೊದಲು ದೂಳು ಒರೆಸಿ. ಅದ್ದಿದ ಮೇಲೆ ಪಾದದ ಗ್ಲೇಜನ್ನು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಪಾತ್ರೆ ಭಟ್ಟಿಯ ಹಲಗೆಗೆ ಕಚ್ಚಿಕೊಳ್ಳುತ್ತದೆ. ಎರಡನೇ ಸಲ ಸುಟ್ಟ ಮೇಲೆ ಮೈತುಂಬ ಸಣ್ಣ ಗೆರೆಗಳ ಜಾಲ ಕಂಡರೆ ಗ್ಲೇಜು ಮಣ್ಣಿಗಿಂತ ಹೆಚ್ಚು ಕುಗ್ಗಿದೆ ಎಂದರ್ಥ. ಗ್ಲೇಜಿಗೆ ಸ್ವಲ್ಪ ಬೆಣಚಿನ ಪುಡಿ ಸೇರಿಸಿ ನೋಡಿ.

7. ಬೆಣಚಿನ ಪುಡಿಯ ದೂಳು ವರ್ಷಗಳ ಕಾಲ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಮತ್ತೆ ಸರಿಯಾಗದಷ್ಟು ಹಾಳಾಗುತ್ತದೆ. ನನ್ನ ಕೆಲಸದ ಕೋಣೆಯಲ್ಲಿ ಪೊರಕೆಗೆ ಜಾಗವಿಲ್ಲ. ನೆಲ, ಮೇಜು ಎಲ್ಲವನ್ನೂ ಒದ್ದೆಬಟ್ಟೆಯಲ್ಲೇ ಒರೆಸಿ. ಪುಡಿ ಬೆರೆಸುವಾಗ ದೂಳು ತಡೆಯುವ ಸರಿಯಾದ ಮಾಸ್ಕ್ ಹಾಕಿ, ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು.