ಕ್ಯಾಮೆರಾ ಮಾರುವ ಮುನ್ನ ಗೆಳೆಯನಿಗೊಂದು ಫೋನ್ ಮಾಡಿ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ. ಫೋಟೊಗ್ರಫಿ ಹುಚ್ಚು, ಕಂತಿನ ಮೇಲೆ ಕ್ಯಾಮೆರಾ ಕೊಂಡಿದ್ದೇನೆ. ನನ್ನ ಬಾಲ್ಯದ ಗೆಳೆಯ ತೀರಿಕೊಂಡ ಅಪ್ಪನ 1996ರ ಮಾರುತಿ 800 ಕಾರನ್ನು ಎರಡು ವರ್ಷ ಗ್ಯಾರೇಜಿನಲ್ಲಿಟ್ಟು ಹೊಸದಾಗಿ ಮಾಡಿಸಿದ. ಕಡು ಹಸಿರು ಪೇಂಟ್, ಅಲಾಯ್ ವೀಲ್, ಹೊಸ ಸೀಟು. ಅಪ್ಪನ ಕೈ ತಾಗಿ ಸವೆದ ಗೇರ್ ನಾಬ್ ಒಂದನ್ನು ಮಾತ್ರ ತೆಗೆಯಲು ಬಿಡಲಿಲ್ಲ. "ಫೋಟೊ ನೀನೇ ತೆಗೀಬೇಕಪ್ಪ" ಅಂದ. ಭಾನುವಾರ ಮಧ್ಯಾಹ್ನ ಅವನ ಮನೆ ಮುಂದೆ ತೆಗೆದೆ. ಕಾರಿನ ಮೂತಿ ಊದಿಕೊಂಡಂತೆ ಬಂತು, ಬಾಗಿಲ ತುಂಬ ನನ್ನದೇ ಪ್ರತಿಬಿಂಬ, ಪಕ್ಕದಲ್ಲಿ ಕರೆಂಟ್ ಕಂಬ. ವಾಟ್ಸ್ಆಪ್ ಗ್ರೂಪಿನಲ್ಲಿ ಹಾಕಿದಾಗ ಒಬ್ಬ "ಮೊಬೈಲಲ್ಲೇ ತೆಗೆದಿದ್ರೆ ಚೆನ್ನಾಗಿರ್ತಿತ್ತು" ಎಂದ. ಎಲ್ಲರೂ ನಕ್ಕರು. ಗೆಳೆಯ ಏನೂ ಹೇಳಲಿಲ್ಲ. ಆಮೇಲೆ ಅವನು ಫೋನ್ ಮಾಡಿದರೂ ನಾನು ಎತ್ತುತ್ತಿಲ್ಲ. ಕ್ಯಾಮೆರಾ ಮಾರಿಬಿಡಲೇ? ರಾತ್ರಿ ನಿದ್ದೆಯೂ ಸರಿಯಾಗಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮಗೆ ಆಗಿರುವ ನೋವು ಸಣ್ಣದಲ್ಲ. "ಒಂದು ಫೋಟೊ ತಾನೇ, ಬಿಡಿ" ಎಂದು ಯಾರಾದರೂ ಹೇಳಿದ್ದರೆ ಅವರ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಬ್ಯಾಂಕಿನ ಲೆಕ್ಕದಲ್ಲಿ ತಪ್ಪಾದರೆ ನೀವು ತಿದ್ದಿ ಸಹಿ ಹಾಕಿ ಮುಂದೆ ಹೋಗುತ್ತೀರಿ. ಹವ್ಯಾಸದಲ್ಲಿ ಹಾಗಾಗುವುದಿಲ್ಲ. ಅದನ್ನು ನಾವು ಸಂಬಳಕ್ಕಾಗಿ ಮಾಡುವುದಿಲ್ಲ, ಇಷ್ಟಪಟ್ಟು ಮಾಡುತ್ತೇವೆ. ಅದಕ್ಕೇ ಅಲ್ಲಿ ಬಿದ್ದ ಪೆಟ್ಟು ನೇರ ಒಳಗೆ ತಾಗುತ್ತದೆ. ಅಕ್ಕನ ಮಗುವಿನ ನಾಮಕರಣಕ್ಕೆ ಸಿಹಿ ಮಾಡಲು ಒಪ್ಪಿಕೊಂಡು ಪಾಕ ಕೆಡಿಸಿಕೊಂಡವರು, ಗೆಳತಿಯ ಮದುವೆಯಲ್ಲಿ ಹಾಡಲು ನಿಂತು ಸ್ವರ ತಪ್ಪಿದವರು ಈ ಪುಟ ಓದುತ್ತಿದ್ದರೆ ನಿಮ್ಮ ಸಂಕಟ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಪ್ರೀತಿಯಿಂದ ಕೇಳಿದವರ ಮುಂದೆ ಸೋತಾಗ ಆಗುವ ನಾಚಿಕೆಯೇ ಬೇರೆ.

ಆದರೆ ಇಲ್ಲಿ ಎರಡು ವಿಷಯ ಗಂಟು ಬಿದ್ದಿವೆ. ಒಂದು, ಫೋಟೊ ಕೆಟ್ಟದ್ದು. ಇನ್ನೊಂದು, ನೀವು ಗೆಳೆಯನಿಂದ ಮುಖ ತಪ್ಪಿಸಿಕೊಂಡದ್ದು. ನಿದ್ದೆ ಕೆಡಿಸುತ್ತಿರುವುದು ಮೊದಲನೆಯದು ಎಂದು ನಿಮಗೆ ಅನ್ನಿಸಿದೆ. ಪತ್ರ ಓದಿದ ನನಗೆ ಎರಡನೆಯದು ಎಂದು ತೋರುತ್ತದೆ. ಗ್ರೂಪಿನಲ್ಲಿ ಗೆಳೆಯ ಸುಮ್ಮನಿದ್ದರು, ನಿಜ. ನಗುವವರ ಜೊತೆ ಸೇರಲಿಲ್ಲ ಎಂಬುದೂ ಅಷ್ಟೇ ನಿಜ. ಆಮೇಲೆ ತಾವಾಗಿ ಫೋನ್ ಮಾಡಿದ್ದಾರೆ. ಅವರ ಕಡೆಯಿಂದ ಒಮ್ಮೆ ಯೋಚಿಸಿ: ಅಪ್ಪನ ನೆನಪಿಗೆಂದು ಎರಡು ವರ್ಷ ಶ್ರಮ ಹಾಕಿದ್ದಾರೆ, ಅದನ್ನು ಮೊದಲು ನಿಮಗೆ ತೋರಿಸಿದ್ದಾರೆ, ಮರುದಿನದಿಂದ ನೀವು ಮಾತು ಬಿಟ್ಟಿದ್ದೀರಿ. ಗೆಳೆಯನಿಗೆ ಕಾರೇ ಹಿಡಿಸಲಿಲ್ಲವೇನೋ ಎಂದು ಅವರಿಗೂ ಅನ್ನಿಸಿರಬಹುದಲ್ಲವೇ?

ಆದ್ದರಿಂದ ಮೊದಲ ಕೆಲಸ ಅವರಿಗೆ ಫೋನ್ ಮಾಡುವುದು. ದೊಡ್ಡ ವಿವರಣೆ ಬೇಡ. "ಫೋಟೊ ನಾನಂದುಕೊಂಡ ಹಾಗೆ ಬರಲಿಲ್ಲ, ನಾಚಿಕೆಯಾಗಿ ಫೋನ್ ಎತ್ತಲಿಲ್ಲ, ಇನ್ನೊಂದು ಸಲ ತೆಗೀಲಾ?" ಇಷ್ಟು ಸಾಕು. ಗ್ರೂಪಿನಲ್ಲಿ ತಮಾಷೆ ಮಾಡಿದವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಅವರು ನಿಮ್ಮನ್ನು ನೋಯಿಸಬೇಕೆಂದೇ ಹಾಗೆ ಹೇಳಿರಲಾರರು.

ಎರಡನೆಯದು, ಆ ಚಿತ್ರಗಳು ಏಕೆ ಕೆಟ್ಟವು ಎಂದು ತಣ್ಣಗೆ ಕುಳಿತು ನೋಡುವುದು. ಹೊಸ ಪೇಂಟ್ ಇರುವ ಕಾರು ಹೆಚ್ಚುಕಡಿಮೆ ಕನ್ನಡಿಯೇ. ಕಡು ಬಣ್ಣದ್ದಾದರಂತೂ ಸುತ್ತ ಇರುವುದೆಲ್ಲ ಅದರ ಮೈಮೇಲೆ ಕಾಣುತ್ತದೆ. ನಡು ಮಧ್ಯಾಹ್ನದ ಬಿಸಿಲಿಗೆ ಅದರ ಛಾವಣಿ ಬೆಳ್ಳಗೆ ಉರಿದು, ಕೆಳಭಾಗ ಕಪ್ಪಾಗುತ್ತದೆ. ಅಗಲ ಕೋನದ ಲೆನ್ಸ್ ಹಿಡಿದು ಹತ್ತಿರ ಹೋದರೆ ಹತ್ತಿರದ ಬಂಪರ್ ದೊಡ್ಡದಾಗಿ, ಹಿಂಭಾಗ ಚಿಕ್ಕದಾಗಿ ಬೀಳುತ್ತದೆ. ಮಾರುತಿ 800 ಮೂರೂಕಾಲು ಮೀಟರ್‌ಗಿಂತ ಸ್ವಲ್ಪವೇ ಉದ್ದದ ಗಾಡಿ, ಚೌಕಟ್ಟು ತುಂಬಿಸಲು ನೀವು ತೀರ ಹತ್ತಿರ ಹೋಗಿರಬೇಕು. ಮೂತಿ ಊದಿದಂತೆ ಕಂಡದ್ದು ಅದಕ್ಕೇ. ಇವುಗಳಲ್ಲಿ ಒಂದಾದರೂ "ನನಗೆ ಕಲೆ ಇಲ್ಲ" ಎಂಬುದಕ್ಕೆ ಸಾಕ್ಷಿಯಲ್ಲ. ಎಲ್ಲವೂ ಕಲಿಯಬಹುದಾದವು.

ಮುಂದಿನ ಸಲ ಸೂರ್ಯ ಮುಳುಗಿದ ಮೇಲಿನ ಕಾಲು ಗಂಟೆ, ಇಪ್ಪತ್ತು ನಿಮಿಷ ಆರಿಸಿಕೊಳ್ಳಿ. ಆಗ ಇಡೀ ಆಕಾಶವೇ ಮೆತ್ತಗೆ ಬೆಳಕು ಕೊಡುತ್ತದೆ. ಬೆಳಕು ಕಡಿಮೆಯಿರುವುದರಿಂದ ಟ್ರೈಪಾಡ್ ಮತ್ತು ಟೈಮರ್ ಬಳಸಿ. ಕಾರಿನ ಬದಿ ಬಯಲಿಗೋ ಖಾಲಿ ಗೋಡೆಗೋ ಮುಖ ಮಾಡಿರಲಿ. ಬಾಗಿಲಲ್ಲಿ ಏನು ಕಾಣುತ್ತಿದೆ ಎಂದು ನೋಡಿಯೇ ಕ್ಲಿಕ್ ಮಾಡಿ. ನೀವು ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ. 50 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಲೆನ್ಸ್ ಹಾಕಿ ಹಿಂದಕ್ಕೆ ಸರಿಯಿರಿ, ಕ್ಯಾಮೆರಾವನ್ನು ಹೆಡ್‌ಲೈಟ್ ಮಟ್ಟಕ್ಕೆ ಇಳಿಸಿ. ಮುಂದಿನ ಚಕ್ರದ ಟೈರ್ ಹಲ್ಲು ಕಾಣದೆ ಅಲಾಯ್ ಕಾಣುವ ಹಾಗೆ ಸ್ಟೇರಿಂಗ್ ತಿರುಗಿಸಲು ಗೆಳೆಯನಿಗೆ ಹೇಳಿ. ಪೋಲರೈಸರ್ ಫಿಲ್ಟರ್ ಇದ್ದರೆ ತಿರುಗಿಸುತ್ತ ನೋಡಿ, ಗಾಜಿನ ಮತ್ತು ಪೇಂಟಿನ ಹೊಳಪು ತಗ್ಗುತ್ತದೆ. ಕ್ರೋಮ್ ಮೇಲೆ ಅದು ನಡೆಯುವುದಿಲ್ಲ. ಹೈವೇ ಅಂಚಿನಲ್ಲಿ ನಿಂತು ತೆಗೆಯುವ ಸಾಹಸ ಮಾತ್ರ ಬೇಡ.

ಮೂರನೆಯದು ನಿಮ್ಮ ಪತ್ರದಲ್ಲೇ ಇದೆ. ಪೇಂಟ್, ಚಕ್ರ, ಸೀಟುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೀರಿ. ಗೇರ್ ನಾಬಿಗೆ ಒಂದು ಇಡೀ ವಾಕ್ಯ ಕೊಟ್ಟಿದ್ದೀರಿ. ಆದರೆ ಚಿತ್ರಗಳ ಬಗ್ಗೆ ಬರೆಯುವಾಗ ಕಾರಿನ ಒಳಗಿನ ಒಂದನ್ನೂ ನೀವು ಹೆಸರಿಸಿಲ್ಲ. ಹೊರಗಿನ ಹೊಳಪನ್ನು ಯಾವ ಫೋಟೊಗ್ರಾಫರ್ ಬೇಕಾದರೂ ನಿಮಗಿಂತ ಚೆನ್ನಾಗಿ ತೆಗೆದಾರು. ಗೆಳೆಯ ಏನನ್ನು ಬದಲಿಸಿದ, ಏನನ್ನು ಬದಲಿಸಲು ಒಪ್ಪಲಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. "ನೀನೇ ತೆಗೀಬೇಕು" ಎಂದು ಗೆಳೆಯ ಹೇಳಿದ್ದಕ್ಕೆ ಇದೇ ಕಾರಣ ಎಂದು ನನ್ನ ಎಣಿಕೆ. ಕ್ಯಾಮೆರಾ ತೆಗೆಯುವ ಮುನ್ನ ಕಾರಿನೊಳಗೆ ಕುಳಿತು ಒಂದೊಂದು ಭಾಗದ ಕಥೆಯನ್ನೂ ಅವರ ಬಾಯಿಂದ ಕೇಳಿ. ಯಾವುದನ್ನು ಹೇಳುವಾಗ ಅವರು ತಡೆದು ತಡೆದು ಮಾತಾಡುತ್ತಾರೋ, ಅದನ್ನು ತೆಗೆಯಿರಿ. ಸಾಧ್ಯವಾದರೆ ಪೇಂಟರ್ ಮತ್ತು ಮೆಕ್ಯಾನಿಕ್ ಅವರನ್ನೂ ಕಾರಿನ ಪಕ್ಕ ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ. ಎರಡು ವರ್ಷದ ಶ್ರಮದಲ್ಲಿ ಅವರ ಪಾಲೂ ಇದೆ.

ನಾಲ್ಕನೆಯದು, ಚಿತ್ರಗಳನ್ನು ಎಲ್ಲಿ ಹಾಕಬೇಕು, ಹಾಕಬೇಕೋ ಬೇಡವೋ ಎಂಬುದನ್ನು ಗೆಳೆಯನಿಗೇ ಬಿಡಿ. ಇದರಲ್ಲಿ ಮರ್ಯಾದೆಯ ಜೊತೆಗೆ ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಾಗಿದ್ದರೆ ಅದು ಆರ್‌ಸಿಯಲ್ಲೂ ದಾಖಲಾಗಬೇಕು. ನಂಬರ್ ಪ್ಲೇಟ್ ಸಮೇತ ಫೋಟೊ ಊರೆಲ್ಲ ಸುತ್ತಿದರೆ ಪ್ರಶ್ನೆ ಬರುವುದು ಅವರಿಗೆ. ಕಾಗದಪತ್ರ ಸರಿಯಿದೆಯೇ ಎಂದು ಒಮ್ಮೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಲು ಸ್ನೇಹದಿಂದಲೇ ಹೇಳಿ.

ನಿದ್ದೆಯ ಬಗ್ಗೆ ಒಂದು ಮಾತು. ಗೆಳೆಯನೊಂದಿಗೆ ಮಾತಾಡಿದ ಮೇಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂಬ ಯೋಚನೆ ಬ್ಯಾಂಕಿನ ಕೆಲಸಕ್ಕೂ ಮನೆಗೂ ಹಬ್ಬಿದರೆ, ಕಾರಣ ಈ ಫೋಟೊಗಿಂತ ಆಳದಲ್ಲಿರಬಹುದು. ಆಗ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು, ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣುವುದರಲ್ಲೂ ಸಂಕೋಚ ಬೇಡ.

ಇನ್ನು ಕ್ಯಾಮೆರಾ. ನಾಚಿಕೆಯ ಬಿಸಿಯಲ್ಲಿ ಮಾರಿದ ವಸ್ತುವಿಗೆ ಒಳ್ಳೆಯ ಬೆಲೆಯೂ ಬರುವುದಿಲ್ಲ, ಮನಸ್ಸಿಗೆ ಸಮಾಧಾನವೂ ಆಗುವುದಿಲ್ಲ. ಕಂತು ನಿಜಕ್ಕೂ ಭಾರವಾಗಿದ್ದರೆ ಅದನ್ನು ಲೆಕ್ಕವಾಗಿ ನೋಡಿ, ಮನೆಯವರೊಂದಿಗೆ ಕುಳಿತು ನಿರ್ಧರಿಸಿ. ಗ್ರೂಪಿನ ಒಂದು ಜೋಕಿನ ಮೇಲೆ ನಿರ್ಧರಿಸಬೇಡಿ. ಎರಡನೇ ಸಲ ತೆಗೆದ ಚಿತ್ರಗಳನ್ನು ಮೊದಲು ಕಾರಿನ ಯಜಮಾನರಿಗೆ ಒಬ್ಬರಿಗೇ ತೋರಿಸಿ. ಅವರಿಗೆ ಇಷ್ಟವಾದರೆ ಒಂದನ್ನು ಪ್ರಿಂಟ್ ಹಾಕಿಸಿ ಕೊಡಿ. ಇಷ್ಟವಾಗದಿದ್ದರೆ ಮೂರನೇ ಸಲಕ್ಕೆ ದಿನ ಗೊತ್ತು ಮಾಡಿಕೊಳ್ಳಿ.