ಜನಾಭಿಪ್ರಾಯದ ಬಲ

ಹತ್ತಿಕುಣಿಯ ಜಲಾಶಯವು ತುಂಬಿದ ಮಾತ್ರಕ್ಕೆ ಹೊಲವು ಹಸುರಾಗುವದಿಲ್ಲ. ತೂಬನ್ನು ತೆರೆದು ಕಾಲುವೆಯಲ್ಲಿ ಹರಿಸಿದಾಗಲೇ ಬೆಳೆಗೆ ನೀರು ಮುಟ್ಟುವದು. ಜನರ ಅಭಿಪ್ರಾಯವೂ ಹಾಗೆಯೇ. ಕಟ್ಟೆಯ ಮೇಲೆ ಕುಳಿತು ಆಡಿದ ದೂರು ನಿಂತ ನೀರು. ಅದೇ ದೂರು ಮನವಿಯಾಗಿ, ಸಭೆಯ ಠರಾವಾಗಿ, ಮತವಾಗಿ ಹರಿದರೆ ದೊಡ್ಡವರೂ ಕಿವಿಗೊಡಬೇಕಾಗುವದು. ಆದರೂ “ನಮ್ಮಂಥ ಬಡವರ ಮಾತನ್ನು ಯಾರು ಕೇಳುವರು?” ಎನ್ನುವವರು ನಮ್ಮಲ್ಲಿ ಬಹಳ ಮಂದಿ ಉಂಟು. ಇದಕ್ಕೆ ಉತ್ತರವನ್ನು ನಡೆದ ಮೂರು ಸಂಗತಿಗಳಿಂದ ವಿಚಾರಿಸೋಣ.

1. ರಾಜ್ಯಕಾರ್ಯದಲ್ಲಿ. 1956ನೆಯ ಇಸವಿಯ ನವೆಂಬರ 1ರಂದು ಹೈದರಾಬಾದ ರಾಜ್ಯವು ಒಡೆದು, ನಮ್ಮ ಕನ್ನಡ ಜಿಲ್ಲೆಗಳು ಮೈಸೂರಿಗೂ ತೆಲಂಗಾಣವು ಆಂಧ್ರಕ್ಕೂ ಸೇರಿದವು. ವಿದ್ಯೆಯ ಮತ್ತು ಉದ್ಯೋಗದ ಕೊರತೆ ಎರಡೂ ಕಡೆ ಇತ್ತು. ತೆಲಂಗಾಣದವರು 1969ರಲ್ಲಿಯೂ ಆಂಧ್ರದವರು 1972ರಲ್ಲಿಯೂ ದೊಡ್ಡ ಚಳವಳಿ ಹೂಡಿದ್ದರಿಂದ 1973ರಲ್ಲಿ ಸಂವಿಧಾನದ 32ನೆಯ ತಿದ್ದುಪಡಿಯಾಗಿ, 371 ಡಿ ಎಂಬ ಅನುಚ್ಛೇದವು ಅವರಿಗೆ ದೊರೆಯಿತು. ನಮ್ಮ ಸೀಮೆಯಾದರೋ ಇನ್ನೂ ಸುಮಾರು 40 ವರುಷ ಕಾಯಬೇಕಾಯಿತು. ವೈಜನಾಥ ಪಾಟೀಲರೇ ಮೊದಲಾದವರು ಊರೂರಿಗೆ ಈ ಮಾತನ್ನು ಮುಟ್ಟಿಸಿದರು. ಕೇಂದ್ರ ಸರಕಾರವು ಒಮ್ಮೆ ನಿರಾಕರಿಸಿದರೂ ಅವರು ಬಿಡಲಿಲ್ಲ. ಕಡೆಗೆ 2012ರ 98ನೆಯ ತಿದ್ದುಪಡಿಯಿಂದ 371 ಜೆ ಬಂದು, ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮಕ್ಕಳಿಗೆ ವಿದ್ಯಾಲಯಗಳಲ್ಲಿಯೂ ಸರಕಾರದ ಕೆಲಸಗಳಲ್ಲಿಯೂ ಪಾಲು ಮೀಸಲಾಯಿತು. ಆದರೆ ಕಾಯಿದೆಯು ಬಂದ ಕೂಡಲೇ ಶಾಲೆಗೆ ಉಪಾಧ್ಯಾಯರು ಬಂದಂತಾಗಲಿಲ್ಲ. ಖಾಲಿ ಸ್ಥಾನಗಳನ್ನು ತುಂಬಿರೆಂದು ಕೇಳುತ್ತಲೇ ಇರತಕ್ಕದ್ದು.

2. ವ್ಯಾಪಾರದಲ್ಲಿ. ಸಾರಾಯಿಯ ವ್ಯಾಪಾರದಿಂದ ಗುತ್ತಿಗೆದಾರರಿಗೂ ಬೊಕ್ಕಸಕ್ಕೂ ಬಹಳ ಹಣ ಬರುತ್ತಿತ್ತು. ಕೂಲಿಯ ಹಣವು ಅಂಗಡಿಗೆ ಹೋಗಿ ಒಲೆ ಹೊತ್ತದಿದ್ದ ಮನೆಗಳ ಹೆಂಗಸರು ಊರೂರಲ್ಲಿ ಅದನ್ನು ಎದುರಿಸಿದರು. 2007ನೆಯ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷೇಧವಾಯಿತು. ಆದಾಗ್ಯೂ ಅಗ್ಗದ ಬೇರೆ ಮದ್ಯವು ಅದರ ಸ್ಥಳವನ್ನು ಹಿಡಿಯಿತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡೆಯಾಗಿ ಹೋಗಿ ಪೂರ್ಣ ನಿಷೇಧವನ್ನು ಬೇಡಿದರು, ಅದು ದೊರೆಯಲಿಲ್ಲ. ಒಂದು ಬಾಗಿಲನ್ನು ಮುಚ್ಚಿಸಿ ಮನೆಗೆ ಹೋಗಿ ಮಲಗಿದರೆ ವ್ಯಾಪಾರವು ಮತ್ತೊಂದು ಬಾಗಿಲನ್ನು ತೆರೆಯುವದೆಂದು ಇದರಿಂದ ಕಲಿಯುತ್ತೇವೆ.

3. ರಾಷ್ಟ್ರಗಳ ನಡುವೆ. ದಕ್ಷಿಣ ಆಫ್ರಿಕದಲ್ಲಿ ಮೈಬಣ್ಣವನ್ನು ನೋಡಿ ಜನರನ್ನು ಬೇರೆಯಿಡುತ್ತಿದ್ದರು. ಭಾರತವು 1946ರಲ್ಲಿಯೇ ಆ ದೇಶದೊಂದಿಗೆ ವ್ಯಾಪಾರವನ್ನು ನಿಲ್ಲಿಸಿ, ಸಂಯುಕ್ತ ರಾಷ್ಟ್ರಗಳ ಸಭೆಯಲ್ಲಿ ದೂರು ಕೊಟ್ಟಿತು. ತರುವಾಯ ಅನೇಕ ದೇಶಗಳ ಸಾಮಾನ್ಯ ಜನರೂ ಅಲ್ಲಿಯ ಹಣ್ಣುಹಂಪಲನ್ನು ಕೊಳ್ಳಲೊಲ್ಲೆವೆಂದರು. ಅಲ್ಲಿಯವರ ದೀರ್ಘವಾದ ಹೋರಾಟಕ್ಕೆ ಇದು ಬೆಂಬಲವಾಯಿತು. 1990ರಲ್ಲಿ ನೆಲ್ಸನ್ ಮಂಡೇಲರು ಸೆರೆಯಿಂದ ಹೊರಬಂದರು. 1994ರಲ್ಲಿ ಎಲ್ಲಾ ವರ್ಣದವರೂ ಮತ ಕೊಟ್ಟರು.

ಎಚ್ಚರಿಕೆಯ ಮಾತು ಒಂದುಂಟು. ಜನರ ಕೂಗು ಯಾವಾಗಲೂ ನ್ಯಾಯವಾಗಿರುವದಿಲ್ಲ. ಪಿಲಾತನು ನಿರಪರಾಧಿಯೆಂದು ತಿಳಿದೂ ಗುಂಪಿನ ಕೂಗಿಗೆ ಅಂಜಿ ಒಪ್ಪಿಸಿಕೊಟ್ಟದ್ದನ್ನು ನಾವೆಲ್ಲರೂ ಬಲ್ಲೆವು. ಈಗ ಸುಳ್ಳು ಸುದ್ದಿಯು ಕೈಯಲ್ಲಿಯ ಫೋನಿನಿಂದ ಗಳಿಗೆಯೊಳಗೆ ಊರನ್ನೆಲ್ಲಾ ಸುತ್ತಿಬರುವದು. ಆದದರಿಂದ ದನಿಗೂಡಿಸುವ ಮೊದಲು ಇದು ನಿಜವೋ, ಇದರಿಂದ ಯಾವ ಬಡವನಿಗಾದರೂ ಅನ್ಯಾಯವಾಗುವದೋ ಎಂದು ಪರೀಕ್ಷಿಸತಕ್ಕದ್ದು. ನಿಜವೆಂದು ಕಂಡರೆ ಗ್ರಾಮಸಭೆಗೆ ಹೋಗಿ, ಎದ್ದು ನಿಂತು ಹೇಳಿ, ಬರಹದಲ್ಲಿ ಕೊಟ್ಟು, ಉತ್ತರವನ್ನು ಕೇಳೋಣ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:
1. 371 ಜೆಯಿಂದ ನಿಮ್ಮ ಊರಿನ ಮಕ್ಕಳಲ್ಲಿ ಯಾರಿಗೆ ಪ್ರಯೋಜನವಾಗಿದೆ? ಅದನ್ನು ಅರಿಯದವರು ಎಷ್ಟು ಮಂದಿ?
2. ಸಾರಾಯಿ ನಿಂತ ಬಳಿಕ ಕುಡಿತವು ನಿಲ್ಲದೆ ಹೋದದ್ದು ಯಾಕೆ?
3. ಕಳೆದ ಗ್ರಾಮಸಭೆಗೆ ನಿಮ್ಮ ಮನೆಯಿಂದ ಯಾರು ಹೋಗಿದ್ದರು?